ಎಡಗೈ ಗಿಟಾರಿನ ಅಳತೆ

೨೭ ಸೆಪ್ಟೆಂಬರ್ ೧೯೯೯, ಸೋಮವಾರ

ಇವರನ್ನು ಇವತ್ತು ಆಸ್ಪತ್ರೆಯಿಂದ ಮನೆಗೆ ಕರೆದುಕೊಂಡು ಬಂದೆವು. ಎಡಗೈಯ ತೋರುಬೆರಳು, ನಡುಬೆರಳು ಎರಡೂ ಇಲ್ಲ. ಸಾಮಿಲ್ಲಿನಲ್ಲಿ ದಿಮ್ಮಿ ದೂಡುವಾಗ ಗರಗಸ ಬುಡದಿಂದಲೇ ತೆಗೆದುಬಿಟ್ಟಿತು. ಉಳಿದ ಕೈಯನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ಕಳಿಸಿದ್ದಾರೆ.

ಬೆಳಗಿನಿಂದ ನೋಡಲು ಬಂದವರದೆಲ್ಲ ಒಂದೇ ರಾಗ. ಮೂಲೆಮನೆ ತಿಮ್ಮಿ, "ಎಡಗೈ ಅಲ್ಲನೆ? ದೇವ್ರು ದೊಡ್ಡವ. ಬಲಗೈ ಹೋಗಿದ್ರೆ ಎಂತ ಮಾಡ್ತಿದ್ರಿ?" ಅಂದಳು. ಬನವಾಸಿಯಿಂದ ಬಂದ ನಮ್ಮ ಕಡೆಯವರು, "ಉಣ್ಣೂ ಕೈ ಉಳೀತಲ್ಲವಾ, ಸಾಕು ಬಿಡು" ಅಂದರು. ಪೊರಕೆ ತೆಗೆದುಕೊಂಡು ಎಲ್ಲರನ್ನೂ ಬೀದಿಗೆ ಅಟ್ಟಬೇಕು ಅನ್ನಿಸಿತು.

ಸಾಮಿಲ್ಲು ಹೊಟ್ಟೆಪಾಡು. ಇವರು ಗಿಟಾರಿನವರು. ಗಣಪತಿ ಹಬ್ಬ ಬಂದರೆ ಶಿರಸಿ, ಸಿದ್ದಾಪುರ, ಯಲ್ಲಾಪುರದ ಯಾವ ಪೆಂಡಾಲಿನಲ್ಲಿ ಆರ್ಕೆಸ್ಟ್ರಾ ಇದ್ದರೂ "ಗಿಟಾರ್: ರವೀಂದ್ರ" ಎಂದು ಮೈಕಿನಲ್ಲಿ ಕೂಗುತ್ತಿದ್ದರು. ಗಿಟಾರಿನಲ್ಲಿ ಬಲಗೈ ಬರೀ ತಂತಿ ಮೀಟುತ್ತದೆ. ಹಾಡು ಹುಟ್ಟುವುದು ತಂತಿ ಒತ್ತುವ ಎಡಗೈಯಲ್ಲಿ. ಬಲಗೈ ಹೋಗಿದ್ದರೆ ನಾನೇ ಕಲಸಿ ಉಣ್ಣಿಸುತ್ತಿದ್ದೆ. ಈ ಕೈಗೆ ನಾನು ಏನು ಮಾಡಲಿ ಶಿವನೆ?

೫ ಅಕ್ಟೋಬರ್, ಮಂಗಳವಾರ

ಊಟ ಇಲ್ಲ, ಮಾತಿಲ್ಲ. ಗೋಡೆ ಕಡೆ ಮುಖ ಮಾಡಿ ಮಲಗಿರುತ್ತಾರೆ. ಇವತ್ತು ಬಾಯಿ ಬಿಟ್ಟರು. ಯಾಕಾದರೂ ಬಿಟ್ಟರೋ.

"ಗರಗಸಕ್ಕ ಬುದ್ಧಿ ಇಲ್ಲ ನೋಡು. ಕುತ್ತಿಗಿ ಬಿಟ್ಟು ಬೆರಳ ತಗೊಂತು."

ನಾನು ಬಾಯಿಗೆ ಸೆರಗು ಇಟ್ಟುಕೊಂಡು ಒಳಗೆ ಹೋದೆ. ಅತ್ತೆ ಪಾರ್ವತವ್ವ ಒಲೆಯ ಮುಂದೆ ಕೂತು ಅಳುತ್ತಿದ್ದರು. ಇಲಿ ಪಾಷಾಣದ ಡಬ್ಬಿಯನ್ನು ತಿಪ್ಪೆಗೆ ಎಸೆದು ಬಂದೆ. ಅಟ್ಟದ ಮೇಲಿನ ಹಗ್ಗವನ್ನು ತಿಮ್ಮಿಗೆ ಕೊಟ್ಟೆ, ಯಾಕೆ ಎಂದು ಹೇಳಲಿಲ್ಲ. ಹೊಲಿಗೆ ಯಂತ್ರದ ಮುಂದೆ ಕೂತರೂ ಕಣ್ಣು ಅವರ ಬೆನ್ನಿನ ಮೇಲೆಯೇ. ನನಗೆ ಹೆದರಿಕೆ ಆಗುತ್ತಿದೆ. ಭಾಳ ಹೆದರಿಕೆ ಆಗುತ್ತಿದೆ.

ಅವರು ಮತ್ತೆ ಬಾರಿಸಬೇಕು. ಬಾರಿಸಿದರೆ ಉಳಿಯುತ್ತಾರೆ. ನನಗೆ ಬೇರೆ ಏನೂ ತೋಚುತ್ತಿಲ್ಲ.

೧೮ ಅಕ್ಟೋಬರ್, ಸೋಮವಾರ. ಆಯುಧ ಪೂಜೆ

ಈ ಮನೆಯಲ್ಲಿ ಇನ್ನು ಏನಾಗಬೇಕು ಅಂತ ಬಾಕಿ ಇತ್ತೋ ಅದೂ ಆಯಿತು.

ನಾನು ಹೂವು ತರಲು ಪೇಟೆಗೆ ಹೋಗಿದ್ದೆ. ಬರುವಷ್ಟರಲ್ಲಿ ಅಂಗಳದಲ್ಲಿ ಕುಡುಗೋಲು, ಈಳಿಗೆ, ನನ್ನ ಕತ್ತರಿ ಎಲ್ಲ ತೊಳೆದು ಸಾಲಾಗಿ ಇಟ್ಟಿದ್ದರು. ಅವುಗಳ ಪಕ್ಕದಲ್ಲಿ, ಗೋಡೆಗೆ ಒರಗಿಸಿ, ನೀರು ತೊಟ್ಟಿಕ್ಕುತ್ತಿದ್ದ ಗಿಟಾರ್!

"ಅತ್ತೀ, ಇದನ್ನೇನ್ ಮಾಡೀರಿ?"

"ತೊಳದೀನಿ ಯವ್ವಾ. ಸೀಗಿಪುಡಿ ಹಚ್ಚಿ ತಿಕ್ಕೀನಿ. ಅವ್ನ ಆಯುಧ ಅಲ್ಲೇನ ಇದು? ಮೈಲಿಗಿ ಏನರೆ ಇದ್ರ ಹೋಗ್ಲಿ ಅಂತ ಎರಡ ಕೊಡಾ ನೀರ್ ಹಾಕೀನಿ."

ವಿಭೂತಿ ಬೇರೆ, ಮೂರು ಬೆರಳಿನಿಂದ ನೀಟಾಗಿ ಎಳೆದಿದ್ದರು. ಕರೆಂಟಿನ ಸಾಮಾನು ಅದು, ಅದರ ಹೊಟ್ಟೆಯಲ್ಲಿ ವೈರು, ಅಯಸ್ಕಾಂತ ಎಲ್ಲ ಇವೆ ಎಂದು ಹೇಳಲು ಹೋಗಿ ಅಳು ಬಂತು. ಮುದುಕಿ ಪಾಪ, ಮಗನ ಕೈ ಬರಲಿ ಎಂದು ತೊಳೆದದ್ದು. ಇವರು ಎದ್ದು ಬಾಗಿಲಿಗೆ ಬಂದು ನೋಡಿದರು.

"ಹೋಗ್ಲಿ ಬಿಡು. ಅದ್ರದೂ ಮುಗೀತು" ಎಂದು ಮತ್ತೆ ಮಲಗಿದರು.

೨೧ ಅಕ್ಟೋಬರ್, ಗುರುವಾರ

ಗಿಟಾರನ್ನು ಹಳೇ ಸೀರೆಯಲ್ಲಿ ಸುತ್ತಿಕೊಂಡು ದೇವಿಕೆರೆಯ ಹತ್ತಿರದ ಅನಂತಮೂರ್ತಿ ಭಟ್ಟರ ಅಂಗಡಿಗೆ ಹೋದೆ. ರೇಡಿಯೋ ರಿಪೇರಿಯ ಅಂಗಡಿ. ಆರ್ಕೆಸ್ಟ್ರಾದವರ ಮೈಕು, ಆಂಪ್ಲಿಫೈಯರ್ ಎಲ್ಲ ಅಲ್ಲಿಯೇ ದುರಸ್ತಿ. ಸೀಗೆಪುಡಿ ಎಂದ ಕೂಡಲೇ ಭಟ್ಟರು ನಕ್ಕೇಬಿಟ್ಟರು. ನನ್ನ ಮುಖ ನೋಡಿ ನಿಲ್ಲಿಸಿದರು.

"ಕೂತ್ಕೊ ತಂಗಿ. ಬಿಚ್ಚಿ ನೋಡುವ. ಇದನ್ನ ಹುಟ್ಟಿಸಿದವ ಅಮೆರಿಕದಲ್ಲಿ ನನ್ನ ಹಾಗೇ ರೇಡಿಯೋ ರಿಪೇರಿ ಮಾಡ್ತಿದ್ದವ. ಅವಂಗೆ ಗಿಟಾರ್ ಬಾರ್ಸೋಕೇ ಬರ್ತಿರ್ಲಿಲ್ಲ ಮಾರಾಯ್ತಿ! ಅದಕ್ಕೇ ಇಷ್ಟು ಚಂದ ಬಿಚ್ಚೋಕೆ ಬರೋ ಹಾಗೆ ಮಾಡಿದಾನೆ."

ಒಳಗಿನಿಂದ ಅವರ ಹೆಂಡತಿ ಪರಿಮಳಾ ಊಟಕ್ಕೆ ಕರೆದರು. "ಆನು ಆಮೇಲೆ ಬರ್ತೆ, ಎರಡು ಲೋಟ ಚಾ ಕೊಡೆ" ಎಂದು ಕೂಗಿ ಭಟ್ಟರು ಹಿಂದಿನ ನಾಲ್ಕು ಸ್ಕ್ರೂ ತೆಗೆದರು. ಗಿಟಾರಿನ ಕುತ್ತಿಗೆಯೇ ಕಳಚಿ ಕೈಗೆ ಬಂತು. ನನ್ನ ಜೀವ ಹೋದಂತಾಯಿತು. ಅವರು ತಣ್ಣಗೆ ಒಂದೊಂದೇ ಭಾಗವನ್ನು ಸ್ಪಿರಿಟ್ಟಿನಲ್ಲಿ ಒರೆಸಿ ಪೇಪರಿನ ಮೇಲೆ ಇಡುತ್ತಾ ಹೋದರು.

ಅಂಗಡಿಯ ಗೋಡೆಗೆ ವಿದೇಶಿ ಪತ್ರಿಕೆಯ ಹಾಳೆಗಳನ್ನು ಅಂಟಿಸಿದ್ದಾರೆ. ಎಲ್ಲ ಗಿಟಾರುಗಳೇ. ಎಷ್ಟೋ ಸಲ ಇವರ ಜೊತೆ ಬಂದಿದ್ದೆ, ಒಮ್ಮೆಯೂ ಕಣ್ಣೆತ್ತಿ ನೋಡಿರಲಿಲ್ಲ. ಟೆಲಿಕ್ಯಾಸ್ಟರ್ ಎಂಬುದು ಆ ಅಮೆರಿಕದವನ ಮೊದಲಿನದಂತೆ. ಹಲಗೆಯನ್ನು ಹಾಗೇ ಕೊಯ್ದದ್ದು, ನಮ್ಮ ಹೊಲಿಗೆಯ ಲೆಕ್ಕದಲ್ಲಿ ಡಾರ್ಟ್ ಹಾಕದ, ಮೈಗೆ ತಕ್ಕ ಮಡಿಕೆ ಇಲ್ಲದ ಸಾದಾ ಬ್ಲೌಸು. ಅದರ ಅಂಚು ಪಕ್ಕೆಗೆ ಚುಚ್ಚುತ್ತದೆ ಎಂದು ಬಾರಿಸುವವರು ಗೊಣಗಿದರಂತೆ. ಐವತ್ನಾಲ್ಕರಲ್ಲಿ ಸ್ಟ್ರಾಟೋಕ್ಯಾಸ್ಟರ್ ಮಾಡಿದ. ಹೊಟ್ಟೆ ತಾಗುವಲ್ಲಿ ಹಿಂದಿನಿಂದ ಕೆರೆದು, ಮೊಳಕೈ ಕೂರುವಲ್ಲಿ ಮುಂದಿನಿಂದ ಇಳಿಸಿದ. ಇನ್ನೊಂದು ಕಂಪನಿಯದು ಲೆಸ್ ಪಾಲ್. ದಪ್ಪ ಮರ, ಎದೆ ಉಬ್ಬಿಸಿ ಕೆತ್ತಿದ್ದು, ಪಿಟೀಲಿನ ಹಾಗೆ ಕುತ್ತಿಗೆಯನ್ನು ಅಂಟಿನಿಂದ ಕೂರಿಸಿದ್ದು. ಅದು ಮದುವೆಯ ರೇಷ್ಮೆ ಬ್ಲೌಸು. ನಮ್ಮದು ಸ್ಟ್ರಾಟೋಕ್ಯಾಸ್ಟರಿನ ಕಲ್ಕತ್ತೆ ನಕಲು.

ನೋಡುತ್ತಾ ನೋಡುತ್ತಾ ನನಗೆ ಒಂದು ಹೊಳೆಯಿತು. ಲೆಸ್ ಪಾಲಿಗೆ ಕುತ್ತಿಗೆಯ ಬುಡದಲ್ಲಿ, ಕೈ ಹೋಗಲೆಂದು, ಒಂದೇ ಕಡೆ ಕಂಕುಳಿನ ಹಾಗೆ ಕತ್ತರಿಸಿದ್ದಾರೆ. ನಮ್ಮದಕ್ಕೆ ಎರಡೂ ಕಡೆ ಇದೆ.

"ಭಟ್ರ, ಎರಡೂ ಕಡೆ ಕಂಕಳ ಐತಲ್ರಿ. ಉಲ್ಟಾ ಹಿಡದ್ರ ಬಲಗೈ ಕೆಳಗಿನ ತನಕಾ ಹೋಗತೈತಿ ಹೌದಿಲ್ಲೋ? ಬಲಗೈಯಿಂದ ಒತ್ತಿ ಎಡಗೈಯಿಂದ ಮೀಟಿದ್ರ?"

ಭಟ್ಟರು ಸ್ಕ್ರೂಡ್ರೈವರ್ ಕೆಳಗಿಟ್ಟರು. "ಅಡ್ಡಿಲ್ಲೆ!" ಅಂದರು. "ಎಡಚರು ಹಾಗೇ ಬಾರಿಸೋದು. ತಂತಿ ಮೀಟೋ ಪಿಕ್ ಹಿಡಿಯೋಕೆ ಅವನ ಹೆಬ್ಬೆರಳು, ಉಂಗುರದ ಬೆರಳು ಸಾಕು."

ತಂತಿಗಳನ್ನು ತಿರುಗಾಮುರುಗಾ ಕಟ್ಟಬೇಕು. ತಂತಿ ಕೂರುವ ಗೀರಿನ ಪಟ್ಟಿ ಹೊಸದು ಬೇಕು. ಎಲುಬಿನದು ಒಳ್ಳೆಯದಂತೆ. ಭಟ್ಟರು ಎಲುಬು ಮುಟ್ಟುವವರಲ್ಲ, ನಾನು ಮನೆಯೊಳಗೆ ಒಯ್ಯುವವಳಲ್ಲ. ಇಬ್ಬರೂ ಮುಖ ಮುಖ ನೋಡಿಕೊಂಡೆವು. ಕೊನೆಗೆ ಹಿತ್ತಾಳೆ ಎಂದು ತೀರ್ಮಾನವಾಯಿತು.

೧೧ ನವೆಂಬರ್, ಗುರುವಾರ

ದೀಪಾವಳಿ ಹೇಗೆ ಬಂತು ಹೇಗೆ ಹೋಯಿತು ಗೊತ್ತಿಲ್ಲ. ಇವತ್ತು ಗಿಟಾರ್ ತಂದೆ. ಸ್ನಾನ ಮಾಡಿ, ದೇವರಿಗೆ ದೀಪ ಹಚ್ಚಿ, ಅವರ ತೊಡೆಯ ಮೇಲೆ ಇಟ್ಟೆ.

ಉಲ್ಟಾ ಹಿಡಿದು ಕೂತರು. ಆಮೇಲೆ ಬಲಗೈಯಿಂದ ತಂತಿ ಹಿಡಿದರು. ಆ ಬೆರಳುಗಳಿಗೆ ಏನೂ ಗೊತ್ತಿಲ್ಲ. ಒಂದು ಎತ್ತಿದರೆ ಇನ್ನೊಂದು ಏಳುತ್ತದೆ. ಎಡಗೈಯಿಂದ ಪಿಕ್ ಜಾರಿ ಬಿತ್ತು. ಎತ್ತಿಕೊಟ್ಟೆ. ಮತ್ತೆ ಬಿತ್ತು. ಎತ್ತಿಕೊಟ್ಟೆ. ಮೂರನೇ ಸಲಕ್ಕೆ ನನ್ನ ಕೈಯನ್ನು ತಳ್ಳಿದರು.

"ಹದಿನೈದ ವರ್ಷ ಬಾರಿಸೀನಿ ಜ್ಯೋತಿ. ಈಗ ಸಣ್ಣ ಹುಡುಗರಂಗ ಟಿಂಗ್ ಟಿಂಗ್ ಅನಸ್ಲೇನ?"

ಗಿಟಾರಿನ ಕುತ್ತಿಗೆ ಹಿಡಿದು ಎತ್ತಿ ಅಂಗಳಕ್ಕೆ ಎಸೆದರು. ಒಗೆಯುವ ಕಲ್ಲಿಗೆ ಬಡಿದು ಬಿತ್ತು. ಆಮೇಲೆ ಗೋಡೆಗೆ ಹಣೆ ಚಚ್ಚಿಕೊಂಡರು. ಅತ್ತೆ, ನಾನು ಇಬ್ಬರೂ ಸೇರಿ ಹಿಡಿದರೂ ನಿಲ್ಲಿಸಲು ಆಗಲಿಲ್ಲ.

೧೨ ನವೆಂಬರ್

ಹಣೆಗೆ ಅರಿಶಿನ ಹಚ್ಚಿದೆ.

೧೭ ನವೆಂಬರ್, ಬುಧವಾರ

ನಾನೂ ಹಟಮಾರಿಯೇ. ಗಿಟಾರನ್ನು ಮತ್ತೆ ಭಟ್ಟರಲ್ಲಿಗೆ ಒಯ್ದೆ. ಬಣ್ಣ ಕಿತ್ತುಬಂದದ್ದು ಬಿಟ್ಟರೆ ಏನೂ ಆಗಿಲ್ಲ. ಲೆಸ್ ಪಾಲಿನ ಹಾಗೆ ತಲೆಯನ್ನು ಹಿಂದಕ್ಕೆ ಬಾಗಿಸಿ ಕುತ್ತಿಗೆ ಅಂಟಿಸಿದ ಜಾತಿಯದು ಆಗಿದ್ದರೆ ಎರಡು ತುಂಡಾಗುತ್ತಿತ್ತು, ಇದು ನೆಟ್ಟಗಿದೆ, ಉಳಿಯಿತು ಎಂದರು.

ನನಗೆ ಅವತ್ತಿನಿಂದ ಒಂದೇ ಯೋಚನೆ. ಉಲ್ಟಾ ಹಿಡಿದಾಗ ಹೊಟ್ಟೆಯ ಕಡೆಯ ಇಳಿಜಾರು ತೊಡೆಯ ಕಡೆಗೆ ಹೋಯಿತು. ಕೆರೆಯದ ಅಂಚು ಅವರ ಪಕ್ಕೆಗೆ ಚುಚ್ಚಿರಬೇಕು. ಚುಚ್ಚುವ ಬ್ಲೌಸನ್ನು ಯಾರು ಹಾಕಿಕೊಳ್ಳುತ್ತಾರೆ? ನಮ್ಮ ಕೆಲಸದಲ್ಲಿ ಮೈ ತಪ್ಪಲ್ಲ, ಹೊಲಿದವಳದೇ ತಪ್ಪು.

ಅಳತೆಗೆ ಎದ್ದು ನಿಲ್ಲಿ ಎಂದು ಕೇಳಿದೆ. ನಿಲ್ಲಲಿಲ್ಲ. ಕೈಕಾಲು ಹಿಡಿದೆ, ಗೋಡೆಗೆ ತಿರುಗಿದರು. ಕೊನೆಗೆ ಅಂಗಡಿಯಲ್ಲಿ ನಾನೇ ಗಿಟಾರ್ ಕೊರಳಿಗೆ ಹಾಕಿಕೊಂಡು, ಪಕ್ಕೆ ತಾಗುವಲ್ಲಿ, ಮೊಳಕೈ ಕೂರುವಲ್ಲಿ ಸೀಮೆಸುಣ್ಣದಿಂದ ಗೀಚಿದೆ. ಅವರು ಸ್ವಲ್ಪ ಎತ್ತರ, ಅಷ್ಟನ್ನು ಅಂದಾಜಿನ ಮೇಲೆ ಬಿಟ್ಟುಕೊಂಡೆ. ಭಟ್ಟರು ಅರ ಹಿಡಿದು ಕೆರೆದರು. "ಇನ್ನೂ ಬೇಕಾ? ಒಳಗೆ ಪೊಳ್ಳು ಉಂಟು, ತೂತು ಬೀಳ್ತದೆ ನೋಡು" ಎನ್ನುತ್ತಲೇ ಇದ್ದರು. ನಾನು ಮತ್ತೆ ಹಾಕಿಕೊಂಡು ನೋಡುವುದು, ಗೀಚುವುದು. ಕೊನೆಗೆ ಎಲ್ಲೂ ಚುಚ್ಚದ ಹಾಗೆ ಕೂತಿತು.

ಹೊಸ ತಂತಿ ಹದಕ್ಕೆ ಬರಬೇಕಾದರೆ ದಿನಾ ಕುತ್ತಿಗೆಯ ಪಟ್ಟಿಗಳ ನಡುವಿನ ಎಲ್ಲ ಮನೆಗಳಲ್ಲೂ ಒತ್ತಿ ಮೀಟಬೇಕಂತೆ. ಇವರು ಮುಟ್ಟುವುದಿಲ್ಲ. ನಾನೇ ಮಾಡಬೇಕು.

೨೬ ನವೆಂಬರ್, ಶುಕ್ರವಾರ

ಬೆಳಿಗ್ಗೆ ತಂತಿ ಒತ್ತುತ್ತಾ ಕೂತಿದ್ದೆ. ಕೇಳಿ ಕೇಳಿ ಗೊತ್ತಿದ್ದ ಒಂದು ಹಾಡಿನ ಮೊದಲ ಸಾಲನ್ನು ಹುಡುಕುತ್ತಿದ್ದೆ, ಸಿಗುತ್ತಿರಲಿಲ್ಲ. ಹಾಸಿಗೆಯಿಂದ ದನಿ ಬಂತು.

"ಒಂದ ಮನಿ ಮ್ಯಾಲ. ಕಿವಿ ಏನ ಅಡ ಇಟ್ಟಿಯೇನ?"

ಬೈದರು! ಎರಡು ತಿಂಗಳ ಮೇಲೆ ಮನುಷ್ಯರ ಹಾಗೆ ಬೈದರು. ನನಗೆ ಉಪಾಯ ಸಿಕ್ಕಿತು. ತಪ್ಪು ಬಾರಿಸಬೇಕು. ಬಾರಿಸಿದರೆ ಸಿಟ್ಟು ಬರುತ್ತದೆ, ಸಿಟ್ಟು ಬಂದರೆ ಕಿತ್ತುಕೊಂಡು ತಾವೇ ಬಾರಿಸುತ್ತಾರೆ. ಇಡೀ ದಿನ ಬೇಕೆಂದೇ ತಪ್ಪು ಬಾರಿಸಿದೆ. ಬೇಕೆಂದಲ್ಲದ್ದೂ ಬೇಕಾದಷ್ಟಿತ್ತು. ಬೈದರು, ಬೈದರು, ಕಿತ್ತುಕೊಳ್ಳಲಿಲ್ಲ.

೫ ಡಿಸೆಂಬರ್, ಭಾನುವಾರ

ಸೋಲು. ಇವತ್ತೂ ಸೋಲು.

ಉಪಾಯ ಕೆಟ್ಟಿತು. ಎರಡು ಮೂರು ದಿನದಿಂದ ತಪ್ಪು ಬಾರಿಸಲು ಆಗುತ್ತಿಲ್ಲ. ಬೆರಳುಗಳು ತಾವಾಗಿ ಸರಿ ಜಾಗಕ್ಕೆ ಹೋಗುತ್ತವೆ, ತಪ್ಪಿಸಬೇಕೆಂದರೆ ನೆನಪಿಟ್ಟು ತಪ್ಪಿಸಬೇಕು. ಇವರು ಎದ್ದು ಕುರ್ಚಿ ಎಳೆದುಕೊಂಡು ಎದುರಿಗೇ ಕೂರುತ್ತಾರೆ. "ಹೆಬ್ಬಟ್ಟ ಹಿಂದ ಇರಲಿ. ಮಣಿಕಟ್ಟ ಸಡ್ಲ ಬಿಡು. ಆ ಗುಂಡಿಗೆ ಕೈ ತಾಗಸಬ್ಯಾಡ, ದನಿ ಇಳೀತೈತಿ." ಉಲ್ಟಾ ಆದ ಮೇಲೆ ದನಿಯ ಗುಂಡಿಗಳು ಮೇಲೆ ಬಂದು ನನ್ನ ಎಡ ಮಣಿಕಟ್ಟಿಗೆ ತಾಗುತ್ತವೆ. ಅದನ್ನೂ ಅವರೇ ಕಂಡುಹಿಡಿದರು. ಇಷ್ಟೆಲ್ಲ ಹೇಳುವವರು ಒಮ್ಮೆ ಕೈಯಲ್ಲಿ ತೆಗೆದುಕೊಂಡರೆ ಏನು ಗಂಟು ಹೋಗುತ್ತದೆ?

ಬಲಗೈ ಬೆರಳ ತುದಿಗಳು ಜಡ್ಡುಗಟ್ಟಿವೆ. ಸೂಜಿ ಹಿಡಿದದ್ದೇ ತಿಳಿಯುವುದಿಲ್ಲ. ದೇವಿ ಟೀಚರ ಬ್ಲೌಸಿನ ಹೆಮ್ಮಿಂಗ್ ಡೊಂಕಾಗಿ, ಬಿಚ್ಚಿ ಮತ್ತೆ ಹಾಕಿದೆ. ನನ್ನ ಕಸುಬೂ ಹಾಳು, ಅವರ ಕಸುಬೂ ಬರಲಿಲ್ಲ.

೧೪ ಡಿಸೆಂಬರ್, ಮಂಗಳವಾರ

ಆರ್ಕೆಸ್ಟ್ರಾ ನಡೆಸುವ ನಂದನ ಹೆಗಡೆ ಬಂದಿದ್ದ. ಕಿರವತ್ತಿಯಲ್ಲಿ ಹೈವೇ ಪಕ್ಕದ ಧಾಬಾದ ಮಾಲೀಕ ಸಂಗಯ್ಯ ಹೊಸ ವರ್ಷಕ್ಕೆ ಕಾರ್ಯಕ್ರಮ ಇಟ್ಟಿದ್ದಾನಂತೆ, ಡಿಸೆಂಬರ್ ಮೂವತ್ತೊಂದರ ಸಂಜೆ.

"ಗಿಟಾರ್ ಇರಲೇಬೇಕು ಅಂತ ಅವರದ್ದು ಹಟ ಅಕ್ಕ. ಕೀಬೋರ್ಡಲ್ಲಿ ಗಿಟಾರಿನ ದನಿ ಬರ್ತದೆ ಅಂದ್ರೆ ಕೇಳೋದಿಲ್ಲ. ರವಿ ಅಣ್ಣ ಈಗ ಹೇಗಿದಾನೆ? ಒಂದೆರಡು ಹಾಡಿಗಾದ್ರೂ ಆಗ್ತದಾ?"

ಇವರು ಬಚ್ಚಲಲ್ಲಿದ್ದರು. "ಹೂಂ, ಆಗತೈತಿ. ಉಲ್ಟಾ ಗಿಟಾರ್ ಮಾಡಿಸೇವಿ. ಬಾರಸ್ತಾರ" ಎಂದುಬಿಟ್ಟೆ. ನಂದನ ಖುಷಿಯಿಂದ ಹೋದ. ಬಾಗಿಲು ಹಾಕಿ ಅಲ್ಲೇ ಕುಸಿದು ಕೂತೆ. ಏನು ಮಾಡಿದೆ ನಾನು? ಬಾರಿಸದೇ ಹೋದರೆ ಜನರ ಮುಂದೆ ಇನ್ನೊಮ್ಮೆ ಸಾಯಬೇಕಲ್ಲ ಆ ಜೀವ.

೨೨ ಡಿಸೆಂಬರ್, ಬುಧವಾರ

ಇವತ್ತು ಬೆಳಿಗ್ಗೆ ಎಲ್ಲ ಹೇಳಿದೆ. ನಂದನನಿಗೆ ಮಾತು ಕೊಟ್ಟಿದ್ದೇನೆ, ನನ್ನ ಮರ್ಯಾದೆ ಉಳಿಸಿ ಎಂದು ಕಾಲು ಹಿಡಿದೆ. ಬೈಯಲಿಲ್ಲ. ಸುಮ್ಮನೆ ಎದ್ದು ಗಿಟಾರ್ ತೆಗೆದು ಕೊರಳಿಗೆ ಹಾಕಿಕೊಂಡರು. ಅತ್ತೆ ಕೈಮುಗಿದು ನಿಂತರು.

ಹಾಗೆ ಹೀಗೆ ಸರಿಸಿ ನೋಡಿದರು. ಕೆರೆದ ಇಳಿಜಾರು ಪಕ್ಕೆಗೆ ಕೂರದೆ ಇನ್ನೆಲ್ಲೋ ಹೋಗಿತ್ತು. ಅಂಚು ಎಲುಬಿಗೆ ಒತ್ತುತ್ತಿತ್ತು. ಕಣ್ಣಿಗೇ ಕಾಣುತ್ತಿತ್ತು.

"ಯಾರ ಅಳತಿಗೆ ಮಾಡಸೀದಿ ಇದನ್ನ?"

"ನೀವು ನಿಂದ್ರಲಿಲ್ಲಲ್ರಿ. ನನ್ನ ಮೈಗೇ ಹಿಡದು…"

ಕುರ್ಚಿಯಲ್ಲಿ ಕೂತರು.

"ಜ್ಯೋತಿ, ಇನ್ನ ಸಾಕು. ದಿನಾ ನೀ ಇದನ್ನ ತಂದು ನನ್ನ ಮುಂದ ಇಡತಿ. ದಿನಾ ಒಮ್ಮೆ ಗರಗಸಕ್ಕ ಕೈ ಕೊಟ್ಟಂಗ ಆಗತೈತಿ ನನಗ. ನನ್ನ ಕೈಲೆ ಆಗೂದಿಲ್ಲ. ಇನ್ನ ಕೇಳಬ್ಯಾಡ."

ಅವರನ್ನು ಉಳಿಸುತ್ತೇನೆ ಎಂದುಕೊಂಡು ದಿನಾ ಕೊಯ್ದವಳು ನಾನೇ ಆದೆನಲ್ಲ! ಅವರು ಗಿಟಾರ್ ತೆಗೆದು ನನ್ನ ಕೊರಳಿಗೆ ಹಾಕಿದರು. ಹೆಗಲ ಪಟ್ಟಿಯನ್ನು ಬಿಗಿ ಮಾಡಿದರು.

"ನಿನ್ನ ಅಳತೀದು, ನೀ ಬಾರಸು. ಕಿರವತ್ತಿಗೆ ನೀನ ಹೋಗು."

"ನಾನ? ನನಗೇನ್ ಬರತೈತ್ರಿ?"

"ನಾ ಹೇಳಿಕೊಟ್ಟಷ್ಟು ಬರತೈತಿ. ಅಳೂದು ಆಮ್ಯಾಲ. ಡಿ ಮೇಜರ್ ಹಿಡಿ."

ಅಳುತ್ತಾ ಹಿಡಿದೆ. ಮುಗಿಯಿತು. ಅವರು ಇನ್ನು ಬಾರಿಸುವುದಿಲ್ಲ.

೨೯ ಡಿಸೆಂಬರ್, ಬುಧವಾರ

ಮೂರು ದಿನದಿಂದ ನಂದನನ ಮನೆಯಲ್ಲಿ ಪ್ರಾಕ್ಟೀಸು. ತಬಲಾದವನು ನನ್ನನ್ನು ನೋಡಿ ನಕ್ಕ. ಇವರು ಅವನಿಗೆ ಏನು ಅಂದರೋ, ಆಮೇಲೆ ನಗಲಿಲ್ಲ. ಇವರು ಗಡ್ಡ ಬೋಳಿಸಿಕೊಂಡು ಬಂದು ಎಲ್ಲರ ಮುಂದೆ ನನಗೆ ಬೈಯುತ್ತಾರೆ, ನಂದನನಿಗೂ ಬೈಯುತ್ತಾರೆ. ಮನೆಗೆ ಬಂದು ರೊಟ್ಟಿ ಉಂಡು ಗೊರಕೆ ಹೊಡೆಯುತ್ತಾರೆ. ನನಗೆ ನಿದ್ದೆಯೇ ಇಲ್ಲ.

ಅತ್ತೆಯದು ಬೇರೆ ಕಾಟ. "ಹೆಣ್ಣು ಹಾಡೂದು ನೋಡೀನಿ, ಕುಣಿಯೂದೂ ನೋಡೀನಿ. ಹೊಟ್ಟಿ ಮ್ಯಾಲ ಹಲಗಿ ಕಟ್ಕೊಂಡು ಗಂಡಸರ ನಡುವ ನಿಂದ್ರೂದು ಎಲ್ಲೂ ನೋಡಿಲ್ಲ ನಮ್ಮವ್ವ."

"ಈಗ ನೋಡಬೇ" ಅಂದರು ಇವರು. ಅತ್ತೆ ಮಗನ ಮುಖ ನೋಡಿ ರೊಟ್ಟಿ ತಟ್ಟಲು ಎದ್ದು ಹೋದರು.

೧ ಜನವರಿ ೨೦೦೦, ಶನಿವಾರ

ನಿನ್ನೆಯದನ್ನು ಬರೆದುಬಿಡುತ್ತೇನೆ.

ಧಾಬಾದ ಹಿಂದೆ ಲಾರಿ ನಿಲ್ಲುವ ಬಯಲಿನಲ್ಲಿ ಸ್ಟೇಜು. ಮೈಕಿನಲ್ಲಿ "ಗಿಟಾರ್: ಜ್ಯೋತಿ" ಎಂದಾಗ ಯಾರೋ ಶಿಳ್ಳೆ ಹೊಡೆದರು. ಇವರು ಆಂಪ್ಲಿಫೈಯರ್ ಪಕ್ಕದಲ್ಲಿ ಕೂತು ನನ್ನ ಕೈಯನ್ನೇ ನೋಡುತ್ತಿದ್ದರು. ಮೊದಲ ಹಾಡು ಹೇಗೋ ಮುಗಿಯಿತು. ಮೂರನೆಯದರಲ್ಲಿ ಒಂದು ಕಡೆ ಎಡವಿದೆ. ಐದನೆಯ ಹಾಡಿನಲ್ಲಿ ಗಿಟಾರಿನದೇ ಒಂದು ತುಣುಕು ಇದೆ, ಇವರು ಎಲ್ಲ ಪೆಂಡಾಲಿನಲ್ಲೂ ಬಾರಿಸುತ್ತಿದ್ದದ್ದು. ಅದು ಬಂದಾಗ ಅವರ ಕಡೆ ನೋಡುವ ಧೈರ್ಯ ಆಗಲಿಲ್ಲ. ಕಣ್ಣು ಮುಚ್ಚಿ ಬಾರಿಸಿದೆ. ಮುಗಿದ ಮೇಲೆ ಲಾರಿಯವರೆಲ್ಲ ಹಾರ್ನ್ ಹೊಡೆದರು.

ಆಮೇಲೆ ಊಟಕ್ಕೆ ಕೂತೆವು. ಸಂಗಯ್ಯ ತಾನೇ ಬಡಿಸುತ್ತಾ, "ಅಕ್ಕಾರು ಭಾರಿ ಬಾರಿಸಿದ್ರಿ. ಅಣ್ಣಾರು ನೀವು ಬಾರ್ಸೂದಿಲ್ಲೇನ್ರಿ?" ಎಂದ. ಇವರು ಎಡಗೈಯನ್ನು ಟ್ಯೂಬ್‌ಲೈಟಿನ ಬೆಳಕಿಗೆ ಎತ್ತಿ ತೋರಿಸಿದರು.

"ಬಾರಸ್ತಿದ್ದೆ" ಅಂದರು.

ಮೊದಲು ಹಾವೇರಿಯಲ್ಲಿದ್ದೆ, ಈಗ ಇಲ್ಲ ಎನ್ನುವ ಹಾಗೆ ಅಂದರು. ಆ ಒಂದು ಮಾತನ್ನು ಅವರು ಆಡಬಾರದು ಎಂದೇ ನಾನು ಊರೆಲ್ಲ ಅಲೆದದ್ದು, ಸುಳ್ಳು ಹೇಳಿದ್ದು, ಮರ ಕೆರೆಸಿದ್ದು. ಅವರು ಆಡಿದರು. ಆಡಿ, ಇನ್ನೊಂದು ಚಪಾತಿ ಹಾಕಿಸಿಕೊಂಡು, ಮೂರನೇ ಹಾಡಿನಲ್ಲಿ ನಾನು ಎಲ್ಲಿ ತಪ್ಪಿದೆ ಎಂದು ಸಂಗಯ್ಯನಿಗೆ ವಿವರಿಸತೊಡಗಿದರು.

ನನಗೆ ಊಟ ಸೇರಲಿಲ್ಲ. ಇವತ್ತೂ ಸೇರಿಲ್ಲ. ನನ್ನ ಗಂಡ ಗಿಟಾರ್ ಬಾರಿಸುತ್ತಿದ್ದರು ಎಂದು ಬರೆಯಲು ಈಗ ಮೂರು ಸಲ ಪೆನ್ನು ಹಿಡಿದೆ. ಬಾರಿಸುತ್ತಾರೆ ಎಂದೇ ಬರುತ್ತದೆ.